ಕೆಲಸದಲ್ಲೇ ಪ್ರಾರ್ಥನೆ ಕಂಡ ತಾಯಿ: ಪಂಡಿತಾ ರಮಾಬಾಯಿ



ಸಾಧು ಸಂತರು ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರೋದು ಗುಹೆ, ಕಾವಿ ಬಟ್ಟೆ, ಮುಚ್ಚಿದ ಕಣ್ಣು. ಆದರೆ ಬೆಳಗಿನ ಜಾವ ಎದ್ದು, ಸಾವಿರಾರು ಅನಾಥ ಹೆಣ್ಣುಮಕ್ಕಳ ಊಟ, ಬಟ್ಟೆ, ಓದು, ಔಷಧಿ ಎಲ್ಲಾ ನೋಡಿಕೊಂಡು, ಆ ಕೆಲಸದಲ್ಲೇ ದೇವರನ್ನು ಕಂಡವರೂ ಇದ್ದಾರೆ. ಅಂಥವರಲ್ಲಿ ಒಬ್ಬರು ಪಂಡಿತಾ ರಮಾಬಾಯಿ. ಇವರು ಹುಟ್ಟಿದ್ದು ನಮ್ಮ ಕರ್ನಾಟಕದ ಕಾಡಿನಲ್ಲಿ. ಹೆಸರು ಮಾಡಿದ್ದು ಮಹಾರಾಷ್ಟ್ರದಲ್ಲಿ. ಹಾಗಾಗಿ ನಮ್ಮಲ್ಲಿ ಎಷ್ಟೋ ಜನಕ್ಕೆ ಇವರ ವಿಷಯ ಗೊತ್ತೇ ಇಲ್ಲ. ಕ್ರೈಸ್ತರಾಗಿ ಶುದ್ಧವಾದ ದಿನನಿತ್ಯದ ಜೀವನ ಅಂದರೆ ಹೇಗಿರುತ್ತದೆ ಎಂಬುದನ್ನು ಇವರು ಬದುಕಿ ತೋರಿಸಿದರು.

ಗಂಗಾಮೂಲದ ಮಗು

ತುಂಗಾ, ಭದ್ರಾ, ನೇತ್ರಾವತಿ ಈ ಮೂರು ನದಿಗಳು ಹುಟ್ಟುವ ಜಾಗ ಪಶ್ಚಿಮ ಘಟ್ಟದ ಗಂಗಾಮೂಲ. ಅಲ್ಲಿಯ ದಟ್ಟ ಕಾಡಿನೊಳಗೆ ಅನಂತಶಾಸ್ತ್ರಿ ಡೋಂಗ್ರೆ ಎಂಬ ಸಂಸ್ಕೃತ ಪಂಡಿತರು ಮನೆ ಕಟ್ಟಿಕೊಂಡಿದ್ದರು. 1858ರ ಏಪ್ರಿಲ್ 23ರಂದು ಅವರ ಮಗಳಾಗಿ ರಮಾ ಹುಟ್ಟಿದಳು. ತಾಯಿಯ ಹೆಸರು ಲಕ್ಷ್ಮೀಬಾಯಿ.

ಊರು ಬಿಟ್ಟು ಕಾಡಿಗೆ ಯಾಕೆ ಹೋದರು ಅಂತ ಕೇಳಬಹುದು. ಅನಂತಶಾಸ್ತ್ರಿಗಳು ತಮ್ಮ ಹೆಂಡತಿಗೆ ಸಂಸ್ಕೃತ ಕಲಿಸಲು ಹೊರಟಿದ್ದರು. ಅವರು ಪುಣೆಯಲ್ಲಿ ಓದುತ್ತಿದ್ದಾಗ ಪೇಶ್ವೆಯವರ ಅರಮನೆಯ ಹೆಂಗಸರು ಸಂಸ್ಕೃತ ಕಲಿಯುವುದನ್ನು ಕಂಡಿದ್ದರು. ನನ್ನ ಮನೆಯಲ್ಲೂ ಹೀಗೇ ಆಗಬೇಕು ಅಂತ ಅಂದೇ ನಿಶ್ಚಯ ಮಾಡಿಕೊಂಡರು. ಆದರೆ ಆ ಕಾಲದಲ್ಲಿ ಹೆಂಗಸಿಗೆ ದೇವಭಾಷೆ ಕಲಿಸೋದು ಅಂದ್ರೆ ದೊಡ್ಡ ತಪ್ಪು. ಬಂಧುಗಳು ವಿರೋಧಿಸಿದರು. ಪಂಡಿತರ ಸಭೆಯಲ್ಲಿ ವಿಚಾರಣೆಯೂ ಆಯಿತು. ಶಾಸ್ತ್ರಿಗಳು ಶಾಸ್ತ್ರಗ್ರಂಥಗಳಿಂದಲೇ ಆಧಾರ ತೆಗೆದು ತೋರಿಸಿ ತಮ್ಮ ಪಕ್ಷ ಸಾಧಿಸಿದರು. ಆದರೂ ಮಾತು ಕೇಳಿ ಕೇಳಿ ಸಾಕಾಗಿ ಕಾಡು ಸೇರಿದರು. ಅಲ್ಲಿ ಹೆಂಡತಿಗೆ ಕಲಿಸಿದರು. ಆ ತಾಯಿ ಮುಂದೆ ಮಗಳಿಗೆ ಕಲಿಸಿದಳು.

ಮನೆಗೆ ಬರುವ ಅತಿಥಿಗಳು, ವಿದ್ಯಾರ್ಥಿಗಳು ಹೆಚ್ಚಾಗಿ ಸಾಲವಾಯಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಕಾಡಿನ ಮನೆ ಬಿಟ್ಟು ಯಾತ್ರೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳು ತಲೆಯ ಮೇಲೆ ಹೊತ್ತು ಬೆಟ್ಟ ಇಳಿಸಿದನು. ಅಲ್ಲಿಂದ ಮುಂದೆ ತೀರ್ಥಕ್ಷೇತ್ರಗಳೇ ಅವರ ಊರು, ಪುರಾಣ ಹೇಳುವುದೇ ಅವರ ಕಸುಬು. ತಾಯಿ ಬೆಳಗಾಗುವ ಮುಂಚೆ ಮಗಳನ್ನು ಎಬ್ಬಿಸಿ ಶ್ಲೋಕ ಹೇಳಿಸುತ್ತಿದ್ದಳು. ಶಾಲೆ ಇಲ್ಲ, ಹಲಗೆ ಬಳಪ ಇಲ್ಲ. ಹೀಗೆ ಬಾಯಿಪಾಠ ಮಾಡಿಯೇ ರಮಾ ಹದಿನೈದು ವರ್ಷ ತುಂಬುವಷ್ಟರಲ್ಲಿ ಭಾಗವತದ ಸಾವಿರಾರು ಶ್ಲೋಕ ಕಲಿತಿದ್ದಳು.

ಹಸಿವಿನ ಪಾಠ

1870ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಭೀಕರ ಬರ ಬಂತು. ಇದ್ದ ಬದ್ದ ಪಾತ್ರೆ ಪಡಗ ಎಲ್ಲಾ ಮಾರಿ ಹೋಯಿತು. ವೇದಶಾಸ್ತ್ರ ಓದಿದ ಮನೆತನ, ಕೂಲಿ ಮಾಡಿ ಅಭ್ಯಾಸವಿಲ್ಲ. ಭಿಕ್ಷೆ ಬೇಡಲು ನಾಚಿಕೆ. ಕಾಡಿನ ಎಲೆ, ಕಾಯಿ ತಿಂದರು. ಮೊದಲು ತಂದೆ ತೀರಿಕೊಂಡರು. ಕೆಲವೇ ವಾರದಲ್ಲಿ ತಾಯಿಯೂ ಹೋದಳು. ಆಮೇಲೆ ಅಕ್ಕನೂ ಹೋದಳು.

ತಾಯಿ ಸತ್ತಾಗ ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ. ಇಬ್ಬರು ಕನಿಕರಪಟ್ಟು ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೇ ಹೆಗಲು ರಮಾಳದ್ದೇ. ಅವಳು ಗಿಡ್ಡಗಿದ್ದಳು, ಹೆಗಲು ಎಟುಕುತ್ತಿರಲಿಲ್ಲ. ಅದಕ್ಕೇ ಚಟ್ಟದ ಮೂಲೆಯನ್ನು ತಲೆಯ ಮೇಲೆ ಇಟ್ಟುಕೊಂಡು ಮೂರು ಮೈಲಿ ದೂರದ ಸ್ಮಶಾನಕ್ಕೆ ನಡೆದಳು. ನಮ್ಮ ವಯಸ್ಸಿನ ಹುಡುಗಿ ಅಂತ ನೆನೆಸಿಕೊಂಡರೆ ಕಣ್ಣಲ್ಲಿ ನೀರು ಬರುತ್ತದೆ.

ಉಳಿದವರು ಅಣ್ಣ ತಂಗಿ ಇಬ್ಬರೇ. ಬರಿಗಾಲಲ್ಲಿ ಉತ್ತರದ ಕಾಶ್ಮೀರದವರೆಗೂ ನಡೆದರು. ಝೇಲಂ ನದಿಯ ದಡದಲ್ಲಿ ಒಂದು ರಾತ್ರಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಯೆಲ್ಲಾ ಮರಳು ಮುಚ್ಚಿಕೊಂಡು ಮಲಗಿದರಂತೆ. ಈ ಹಸಿವು, ಈ ಚಳಿ ರಮಾಬಾಯಿಗೆ ಕೊನೆಯವರೆಗೂ ಮರೆಯಲಿಲ್ಲ. ಮುಂದೆ ಅವರು ಮಾಡಿದ ಕೆಲಸದ ಬೇರು ಇಲ್ಲಿದೆ.

ಪಂಡಿತಾ ಮತ್ತು ಸರಸ್ವತಿ

1878ರಲ್ಲಿ ಅಣ್ಣ ತಂಗಿ ಕಲ್ಕತ್ತಾ ಸೇರಿದರು. ಇಪ್ಪತ್ತು ವರ್ಷದ ಹುಡುಗಿ ಸಂಸ್ಕೃತದಲ್ಲಿ ನೀರು ಕುಡಿದಷ್ಟು ಸಲೀಸಾಗಿ ಮಾತಾಡುವುದನ್ನು ಕಂಡು ಅಲ್ಲಿಯ ವಿದ್ವಾಂಸರು ಬೆರಗಾದರು. ಪರೀಕ್ಷೆ ಮಾಡಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಆದರೆ 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ. ಜನ ಆಡಿಕೊಂಡರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಕಾಲರಾ ಬಂದು ಗಂಡ ಹೋದರು. ಇಪ್ಪತ್ತನಾಲ್ಕು ತುಂಬುವ ಮುಂಚೆಯೇ ರಮಾಬಾಯಿ ಕೈಗೂಸಿನ ವಿಧವೆಯಾದರು.

ಅವರು ಮೂಲೆ ಸೇರಲಿಲ್ಲ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ನ್ಯಾಯಮೂರ್ತಿ ರಾನಡೆಯವರಂಥ ದೊಡ್ಡವರು ಬೆಂಬಲ ಕೊಟ್ಟರು. ಅದೇ ವರ್ಷ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೋಗಿ, ಹೆಣ್ಣುಮಕ್ಕಳಿಗೆ ಹೆಂಗಸರೇ ಶಿಕ್ಷಕಿಯರಾಗಬೇಕು, ಹೆಂಗಸರು ವೈದ್ಯೆಯರೂ ಆಗಬೇಕು ಎಂದು ವಾದಿಸಿದರು. ಈಗ ನಮ್ಮೂರ ಶಾಲೆಯಲ್ಲಿ ಟೀಚರಮ್ಮ ಇದ್ದರೆ ಅದರಲ್ಲಿ ಯಾರಿಗೂ ವಿಶೇಷ ಕಾಣೋದಿಲ್ಲ. ಆಗ ಅದನ್ನು ಕೇಳುವುದಕ್ಕೇ ಧೈರ್ಯ ಬೇಕಿತ್ತು.

ಸಮುದ್ರದಾಚೆ

ತಾವೇ ವೈದ್ಯಕೀಯ ಓದಬೇಕು ಅಂತ ರಮಾಬಾಯಿ 1883ರಲ್ಲಿ ಪುಟ್ಟ ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಆ ಮಠದವರು ಲಂಡನ್ನಿನಲ್ಲಿ ಒಂದು ಮನೆ ನಡೆಸುತ್ತಿದ್ದರು. ದಾರಿ ತಪ್ಪಿದವರು ಅಂತ ಸಮಾಜ ದೂರ ಇಟ್ಟ ಹೆಂಗಸರನ್ನು ಅಲ್ಲಿ ಮಮತೆಯಿಂದ ನೋಡಿಕೊಳ್ಳುತ್ತಿದ್ದರು. ಅಂಥವರನ್ನು ಬೈಯದೆ, ದೂಡದೆ ಆರೈಕೆ ಮಾಡುವುದನ್ನು ರಮಾಬಾಯಿ ಮೊದಲ ಬಾರಿಗೆ ಕಂಡರು. ಇದಕ್ಕೆ ಕಾರಣವೇನು ಅಂತ ಕೇಳಿದಾಗ, ಬಾವಿಯ ಹತ್ತಿರ ಯೇಸುಸ್ವಾಮಿ ಸಮಾರ್ಯದ ಹೆಂಗಸಿನೊಂದಿಗೆ ಮಾತಾಡಿದ ಕಥೆಯನ್ನು ಅವರು ಓದಿ ತೋರಿಸಿದರು. ಅದು ರಮಾಬಾಯಿಯ ಮನಸ್ಸಿಗೆ ನಾಟಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಊರಲ್ಲಿ ಗದ್ದಲವೋ ಗದ್ದಲ. ಪತ್ರಿಕೆಗಳು ಬೈದವು. ಜೋತಿಬಾ ಫುಲೆಯವರಂಥ ಕೆಲವರು ಮಾತ್ರ ಅವರ ಪರವಾಗಿ ಬರೆದರು. ಇತ್ತ ಇಂಗ್ಲೆಂಡಿನ ಧರ್ಮಗುರುಗಳಿಗೂ ಈ ಶಿಷ್ಯೆ ಸುಲಭದವಳಲ್ಲ ಅಂತ ಬೇಗ ತಿಳಿಯಿತು. ತಾವು ಓದಿ, ವಿಚಾರ ಮಾಡಿ ಒಪ್ಪಿದ್ದನ್ನು ಮಾತ್ರ ಅವರು ನಂಬುತ್ತಿದ್ದರು. ಮಠದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಇದ್ದರೆ, ಲ್ಯಾಟಿನ್ ಏನು ನಮ್ಮ ಸಂಸ್ಕೃತಕ್ಕಿಂತ ಹೆಚ್ಚು ಪವಿತ್ರವೋ ಎಂದು ಕೇಳಿ, ಸಂಸ್ಕೃತವೇ ಇರಲಿ ಎಂದರು. ಮಾಂಸ, ಮೊಟ್ಟೆ ಮುಟ್ಟಲಿಲ್ಲ. ಸೀರೆ ಬಿಡಲಿಲ್ಲ. ಧರ್ಮ ಬದಲಾಯಿತು ಅಂತ ದೇಶ ಬದಲಾಯಿಸಬೇಕಾಗಿಲ್ಲ ಎಂಬುದು ಅವರ ನಿಲುವು.

ಚೆಲ್ಟನ್‌ಹ್ಯಾಮ್ ಎಂಬಲ್ಲಿ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಓದುತ್ತಾ ಸಂಸ್ಕೃತ ಕಲಿಸಿದರು. 1886ರಲ್ಲಿ ಅಮೆರಿಕಕ್ಕೆ ಹೋದರು. ಆನಂದಿಬಾಯಿ ಜೋಶಿಯವರು ಅಲ್ಲಿ ವೈದ್ಯೆಯಾಗಿ ಪದವಿ ಪಡೆದ ಸಮಾರಂಭ ನೋಡಿದರು. ಚಿಕ್ಕ ಮಕ್ಕಳಿಗೆ ಆಟದ ಮೂಲಕ ಪಾಠ ಹೇಳುವ ಶಿಶುವಿಹಾರದ ವಿಧಾನ ಕಲಿತರು. 1887ರಲ್ಲಿ ಭಾರತದ ಮೇಲ್ಜಾತಿಯ ಹೆಂಗಸರ ಕಷ್ಟದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದು ಚೆನ್ನಾಗಿ ಖರ್ಚಾಯಿತು. ಅಲ್ಲಿಯ ಜನ ಸಂಘ ಕಟ್ಟಿ, ವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುವುದಾಗಿ ಒಪ್ಪಿದರು.

ಶಾರದಾ ಸದನ

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಪ್ರಾರಂಭವಾಯಿತು. ಆ ಕಾಲದ ಬಾಲವಿಧವೆಯರ ಪಾಡು ನಮ್ಮ ಅಜ್ಜಿಯಂದಿರು ಹೇಳಿದ್ದನ್ನು ಕೇಳಿರುತ್ತೀರಿ. ತಲೆ ಬೋಳಿಸುವುದು, ಒಪ್ಪತ್ತು ಊಟ, ಶುಭಕಾರ್ಯಕ್ಕೆ ಎದುರು ಬರಬಾರದು. ಗಂಡನ ಮುಖವನ್ನೇ ನೋಡದ ಹತ್ತು ಹನ್ನೆರಡು ವರ್ಷದ ಹುಡುಗಿಯರಿಗೂ ಇದೇ ಶಿಕ್ಷೆ. ಅಂಥವರಿಗೆ ರಮಾಬಾಯಿ ಓದು ಕಲಿಸಿದರು. ಮೊದಲು ಬಂದ ವಿಧವೆಯರಲ್ಲಿ ಗೋದೂಬಾಯಿ ಎಂಬುವರು ಒಬ್ಬರು. 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಇವರನ್ನು ಮದುವೆಯಾದರು. ಇದೇ ಕರ್ವೆಯವರು 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯ ಸ್ಥಾಪಿಸಿದರು. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದ ಹಾಗೆ ಅಲ್ಲವೇ?

1890ರಲ್ಲಿ ಸದನ ಪುಣೆಗೆ ಹೋಯಿತು. ಅಲ್ಲಿ ಹುಡುಗಿಯರು ತಮ್ಮ ತಮ್ಮ ಮನೆಯ ಆಚಾರ, ಪೂಜೆ ಮಾಡಿಕೊಳ್ಳಬಹುದಿತ್ತು. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ಮಾತ್ರ ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಇದರಿಂದ ಮತಾಂತರದ ಆರೋಪ ಬಂತು. ಕೊಟ್ಟ ಮಾತು ಮೀರಿದ್ದಾರೆ ಅಂತ 1893ರಲ್ಲಿ ರಾನಡೆ, ಭಂಡಾರ್ಕರ್ ಮುಂತಾದ ಸಲಹೆಗಾರರು ಹೊರಗೆ ಹೋದರು. ಎಷ್ಟೋ ಪೋಷಕರು ಹುಡುಗಿಯರನ್ನು ಕರೆದುಕೊಂಡು ಹೋದರು. ಹುಡುಗಿಯರನ್ನು ನಂಬಿ ಕಳಿಸಿದವರಿಗೆ ನೋವಾದದ್ದು ನಿಜ. ಬಾಗಿಲು ಮುಚ್ಚಿ ಕದ್ದು ಪ್ರಾರ್ಥನೆ ಮಾಡುವುದು ರಮಾಬಾಯಿಯಿಂದ ಆಗುತ್ತಿರಲಿಲ್ಲ ಎಂಬುದೂ ನಿಜ. ಈ ಜಗಳದ ಬಗ್ಗೆ ಇಂದಿಗೂ ಎರಡು ಅಭಿಪ್ರಾಯ ಇದೆ. ಅವರು ಮಾತ್ರ ಉಳಿದ ಹುಡುಗಿಯರನ್ನು ಕಟ್ಟಿಕೊಂಡು ಕೆಲಸ ಮುಂದುವರಿಸಿದರು.

ಈ ಕಾಲದಲ್ಲೇ ಅವರ ಒಳಗೂ ಒಂದು ಬದಲಾವಣೆ ಆಯಿತು. ದೀಕ್ಷೆ ಪಡೆದು ಸುಮಾರು ಎಂಟು ವರ್ಷವಾದ ಮೇಲೆ, ತಾವು ಕ್ರೈಸ್ತ ಧರ್ಮವನ್ನು ಬುದ್ಧಿಯಿಂದ ಒಪ್ಪಿದ್ದೇವೆ, ಕ್ರಿಸ್ತನನ್ನು ಇನ್ನೂ ಹೃದಯಕ್ಕೆ ತಂದುಕೊಂಡಿಲ್ಲ ಅಂತ ಅವರಿಗೆ ಅನ್ನಿಸಿತು. ಅಂದಿನಿಂದ ಅವರ ಭಕ್ತಿ ವಾದ ವಿವಾದದಿಂದ ದಿನದ ದುಡಿಮೆಯ ಕಡೆಗೆ ತಿರುಗಿತು.

ಬರ ಬಂದಾಗ

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ಸುದ್ದಿ ಕೇಳಿದ ಕೂಡಲೇ ರಮಾಬಾಯಿಗೆ ತಮ್ಮ ತಂದೆ ತಾಯಿ ಸತ್ತ ದಿನಗಳು ನೆನಪಾದವು. ಕೈಯಲ್ಲಿ ಹೆಚ್ಚು ಹಣವಿಲ್ಲದಿದ್ದರೂ ಹೊರಟೇಬಿಟ್ಟರು. ಹಸಿದ ಮಕ್ಕಳು ಬೀದಿಯಲ್ಲಿ ಬಿದ್ದಿದ್ದರು. ಎಳೆಯ ಹುಡುಗಿಯರನ್ನು ಒಂದು ಹಿಡಿ ಅನ್ನದ ಆಸೆ ತೋರಿಸಿ ಕೆಟ್ಟ ಜನ ಎತ್ತಿಕೊಂಡು ಹೋಗುತ್ತಿದ್ದರು. ರಮಾಬಾಯಿ ಸುಮಾರು 300 ಹೆಣ್ಣುಮಕ್ಕಳನ್ನು ಕಾಪಾಡಿ ಕರೆತಂದರು.

ಆಗಲೇ ಪುಣೆಗೆ ಪ್ಲೇಗ್ ಬಂತು. ಊರೊಳಗೆ ಇಷ್ಟು ಮಕ್ಕಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ಅವರು ಕೊಂಡಿದ್ದ ಜಮೀನು ಇತ್ತು. ಬಯಲಲ್ಲಿ ಗುಡಿಸಲು ಹಾಕಿ ಮಕ್ಕಳನ್ನು ಅಲ್ಲಿಗೆ ಸಾಗಿಸಿದರು. ಅದೇ ಮುಕ್ತಿ ಸದನ. 1900ರಲ್ಲಿ ಗುಜರಾತಿನ ಬರದಿಂದ ಇನ್ನೂ ನೂರಾರು ಹುಡುಗಿಯರು ಬಂದರು. ಒಟ್ಟು ಸಂಖ್ಯೆ ಎರಡು ಸಾವಿರದ ಹತ್ತಿರ ಮುಟ್ಟಿತು. ಬೇಡ ಅನ್ನುವ ಮಾತೇ ಇರಲಿಲ್ಲ. ಕುರುಡರು, ಮುದುಕಿಯರು, ಮನೆಯಿಂದ ಹೊರಹಾಕಿದವರು ಎಲ್ಲರಿಗೂ ಜಾಗ ಸಿಕ್ಕಿತು. ಮೋಸ ಹೋದ ಹೆಂಗಸರಿಗಾಗಿ ಕೃಪಾ ಸದನ ಎಂಬ ಬೇರೆ ಮನೆಯೇ ಇತ್ತು. ಲಂಡನ್ನಿನಲ್ಲಿ ನೋಡಿದ್ದನ್ನು ಅವರು ಮರೆತಿರಲಿಲ್ಲ.

ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ರಮಾಬಾಯಿ ಪತ್ರಿಕೆಯಲ್ಲಿ ಬರೆದು ಬ್ರಿಟಿಷ್ ಸರ್ಕಾರಕ್ಕೂ ಬಿಸಿ ಮುಟ್ಟಿಸಿದರು. ಆಳುವವರು ಕ್ರೈಸ್ತರೇ ಆದರೂ ತಪ್ಪನ್ನು ತಪ್ಪು ಅಂತಲೇ ಹೇಳಿದರು.

ಮುಕ್ತಿ ಸದನದ ಒಂದು ದಿನ

ಈಗ ಮುಖ್ಯ ವಿಷಯಕ್ಕೆ ಬರೋಣ. ರಮಾಬಾಯಿಯ ದಿನ ಬೆಳಗಿನ ಜಾವವೇ ಶುರುವಾಗುತ್ತಿತ್ತು. ಚಿಕ್ಕಂದಿನಲ್ಲಿ ತಾಯಿ ಕಲಿಸಿದ ಆ ಅಭ್ಯಾಸ ಕೊನೆಯವರೆಗೂ ಉಳಿಯಿತು. ಆಗ ಶ್ಲೋಕ, ಈಗ ಪ್ರಾರ್ಥನೆ, ಅಷ್ಟೇ ವ್ಯತ್ಯಾಸ. ಆಮೇಲೆ ಇಡೀ ಸದನವೇ ಎದ್ದು ಕೆಲಸಕ್ಕೆ ಇಳಿಯುತ್ತಿತ್ತು. ಒಂದು ಕಡೆ ಕಾಳು ಬೀಸುವವರು, ಒಂದು ಕಡೆ ಅಡುಗೆಯವರು, ಒಂದು ಕಡೆ ಬಟ್ಟೆ ಒಗೆಯುವವರು. ಹೊಲ, ತೋಟ, ಬಾವಿ, ಹಸು, ಎಣ್ಣೆಗಾಣ, ಮಗ್ಗ, ಹೊಲಿಗೆ, ಅಚ್ಚುಕೂಟ ಎಲ್ಲವೂ ಇತ್ತು. ಎಲ್ಲದರಲ್ಲೂ ಹೆಣ್ಣುಮಕ್ಕಳೇ. ಅರ್ಧ ದಿನ ಪಾಠ, ಅರ್ಧ ದಿನ ಕಸುಬು. ಯಾರ ಹಂಗಿಗೂ ಬೀಳದೆ ತಮ್ಮ ಅನ್ನ ತಾವು ದುಡಿದು ತಿನ್ನುವಂತಾಗಬೇಕು ಎಂಬುದು ರಮಾಬಾಯಿಯ ಹಟ.

ಮಗಳು ಮನೋರಮಾ ಬ್ರೈಲ್ ಲಿಪಿ ಕಲಿತು ಬಂದು ಕಣ್ಣಿಲ್ಲದ ಹುಡುಗಿಯರಿಗೆ ಓದು ಹೇಳಿಕೊಟ್ಟಳು. 1912ರಲ್ಲಿ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ ಶಾಲೆ ತೆರೆದಾಗ ಅದರ ಜವಾಬ್ದಾರಿಯೂ ಮನೋರಮಾಳದ್ದೇ. ಹೀಗೆ ಗಂಗಾಮೂಲದಿಂದ ಬುಟ್ಟಿಯಲ್ಲಿ ಹೋದ ಕೂಸಿನ ಸೇವೆ ಮತ್ತೆ ಕನ್ನಡ ನಾಡಿಗೆ ಬಂತು.

ರಮಾಬಾಯಿ ಉಡುತ್ತಿದ್ದದ್ದು ಬಿಳಿಯ ಸಾದಾ ಸೀರೆ. ಉಣ್ಣುತ್ತಿದ್ದದ್ದು ಸಸ್ಯಾಹಾರ. ವಿದೇಶದಿಂದ ಹಣ ಬರುತ್ತಿದ್ದರೂ ತಮಗಾಗಿ ಏನೂ ಕೂಡಿಡಲಿಲ್ಲ. ಕಜ್ಜಿ, ಹುಣ್ಣು, ಹೇನು ತುಂಬಿ ಬಂದ ಮಕ್ಕಳನ್ನು ತೊಳೆದು, ಉಣಿಸಿ, ಮಲಗಿಸುವುದೇ ಅಲ್ಲಿಯ ದೊಡ್ಡ ಪೂಜೆ. ಮಡಿ ಅಂದರೆ ದೂರ ನಿಲ್ಲುವುದು ಅಂತ ತಿಳಿದಿದ್ದ ಕಾಲದಲ್ಲಿ, ಹತ್ತಿರ ಹೋಗಿ ಮುಟ್ಟಿ ತೊಳೆಯುವುದೇ ಮಡಿ ಅಂತ ಅವರು ತೋರಿಸಿದರು. ನನಗೆ ಅನ್ನಿಸುವಂತೆ ಅವರ ಇಡೀ ಜೀವನದ ಸಾರ ಇದೊಂದೇ ಮಾತಿನಲ್ಲಿದೆ.

ಕೊನೆಯ ಕೆಲಸ

ವಯಸ್ಸಾದ ಮೇಲೆ ಅವರು ಒಂದು ದೊಡ್ಡ ಕೆಲಸ ಕೈಗೆ ತೆಗೆದುಕೊಂಡರು. ಇದ್ದ ಮರಾಠಿ ಬೈಬಲ್ಲಿನ ಭಾಷೆ ಹಳ್ಳಿಯ ಹೆಂಗಸರಿಗೆ ಕಷ್ಟ ಅಂತ ಅವರಿಗೆ ಅನ್ನಿಸಿತ್ತು. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆ ಕಲಿತು, ಮೂಲ ನೋಡಿ, ಸುಲಭ ಮರಾಠಿಗೆ ಅನುವಾದ ಮಾಡಿದರು. ಸಂಸ್ಕೃತದಲ್ಲಿ ಪಂಡಿತರನ್ನು ಬೆರಗು ಮಾಡಿದವರು ಓದು ಬಾರದವರಿಗಾಗಿ ಸರಳ ಮಾತು ಹುಡುಕುತ್ತಾ ಕೂತರು! ಅಚ್ಚುಮೊಳೆ ಜೋಡಿಸಿದ್ದು, ಮುದ್ರಿಸಿದ್ದು, ಹೊಲಿದು ರಟ್ಟು ಹಾಕಿದ್ದು ಎಲ್ಲಾ ಮುಕ್ತಿಯ ಹೆಣ್ಣುಮಕ್ಕಳೇ.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರ ಜುಲೈಯಲ್ಲಿ ಬಲಗೈಯಂತಿದ್ದ ಮಗಳು ಮನೋರಮಾ ನಲವತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಆದರೂ ಅವರು ಕೈಯಲ್ಲಿದ್ದ ಕೆಲಸ ಬಿಡಲಿಲ್ಲ. ಕೊನೆಯ ದಿನಗಳವರೆಗೂ ಅನುವಾದದ ಕರಡು ತಿದ್ದುತ್ತಿದ್ದರು. 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಅವರ ಮುಕ್ತಿ ಸದನ ಇಂದಿಗೂ ಕೇಡಗಾಂವ್‌ನಲ್ಲಿ ನಡೆಯುತ್ತಿದೆ. 1989ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು.

ನಾವು ಕಲಿಯಬೇಕಾದ್ದು

1. ಭಕ್ತಿ ಅಂದರೆ ಭಾನುವಾರಕ್ಕೋ ಹಬ್ಬಕ್ಕೋ ಮೀಸಲಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಮಾಡುವ ಕೆಲಸದಲ್ಲಿ ಅದು ಕಾಣಬೇಕು.
2. ತಾನು ಹಸಿದದ್ದನ್ನು ಮರೆಯದವನೇ ಇನ್ನೊಬ್ಬರ ಹಸಿವು ಅರಿಯುತ್ತಾನೆ.
3. ನಂಬಿದ್ದನ್ನು ಓದಿ, ವಿಚಾರ ಮಾಡಿ ನಂಬಬೇಕು. ನಂಬಿದ ಮೇಲೆ ಹೆದರಿ ಬಚ್ಚಿಡಬಾರದು.
4. ಯಾರನ್ನೂ ಅಪಶಕುನ, ಕೀಳು ಅಂತ ದೂರ ಇಡಬಾರದು.

ಗೆಳೆಯರೇ, ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದೇವೆ. ರಮಾಬಾಯಿಯ ದಾರಿಯನ್ನೇ ಎಲ್ಲರೂ ಹಿಡಿಯಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಯಾವ ದಾರಿ ಹಿಡಿದರೂ ಅವರಂತೆ ಕೈ ಕೆಸರು ಮಾಡಿಕೊಂಡು, ಮನಸ್ಸು ಮಾತ್ರ ಶುಭ್ರವಾಗಿ ಇಟ್ಟುಕೊಂಡು ನಡೆಯಬಹುದಲ್ಲವೇ? ನಾಳೆ ತರಗತಿಯಲ್ಲಿ ಯಾರಾದರೂ ಒಬ್ಬರೇ ಮೂಲೆಯಲ್ಲಿ ಕೂತಿದ್ದರೆ, ಹೋಗಿ ಪಕ್ಕದಲ್ಲಿ ಕೂರೋಣ. ಅಲ್ಲಿಂದಲೇ ಶುರು ಮಾಡೋಣ.

ಎಲ್ಲರಿಗೂ ಶುಭವಾಗಲಿ.